ಪುಕ್ಕಟೆ ವೆಬ್‌ಸೈಟ್ ಎಡಿಟರ್: ಒಳಗೆ ಹೋಗುವ ಮೊದಲು ಹೊರಬರುವ ದಾರಿ ನೋಡಿ

ಗದಗ-ಬೆಟಗೇರಿ ನಗರಸಭೆ, ಲಕ್ಷ್ಮೇಶ್ವರ ಮತ್ತು ಮುಂಡರಗಿ ಪುರಸಭೆಗಳು, ಶಿರಹಟ್ಟಿ ಪಟ್ಟಣ ಪಂಚಾಯತಿ. ಈ ನಾಲ್ಕಕ್ಕೂ ವೆಬ್‌ಸೈಟ್ ಇದೆ. ವಿಳಾಸದ ಕೊನೆಗೆ ಕಣ್ಣು ಹಾಯಿಸಿದರೆ ನಾಲ್ಕರಲ್ಲೂ ಒಂದೇ ಬಾಲ ಕಾಣುತ್ತದೆ: ಎಂಆರ್‌ಸಿ ಡಾಟ್ ಗವ್ ಡಾಟ್ ಇನ್. ನೋಟವೂ ಹೆಚ್ಚುಕಡಿಮೆ ಒಂದೇ. ರಾಜ್ಯದ ಪೌರಸಂಸ್ಥೆಗಳಿಗೆಲ್ಲ ಒಂದೇ ಸಿದ್ಧ ಚೌಕಟ್ಟು ಮಾಡಿಕೊಟ್ಟಿರುವುದೇ ಇದಕ್ಕೆ ಕಾರಣ. ಗದಗ ಜಿಲ್ಲಾಡಳಿತದ ತಾಣವೂ ಹಾಗೆಯೇ, ಕೇಂದ್ರ ಸರ್ಕಾರದ ಎನ್‌ಐಸಿ ರೂಪಿಸಿದ ಎಸ್‌ತ್ರೀವಾಸ್ ಎಂಬ ಚೌಕಟ್ಟಿನ ಮೇಲೆ ನಿಂತಿದೆ. ಇಂಥ ಚೌಕಟ್ಟಿದ್ದರೆ ಕಚೇರಿಯ ಸಿಬ್ಬಂದಿ ಪ್ರೋಗ್ರಾಮಿಂಗ್ ಕಲಿಯಬೇಕಿಲ್ಲ. ಪ್ರಕಟಣೆ, ಟೆಂಡರ್, ಫೋಟೊಗಳನ್ನು ತಾವೇ ಏರಿಸಬಹುದು.

ಆ ಚೌಕಟ್ಟುಗಳು ಸರ್ಕಾರಿ ಕಚೇರಿಗಳಿಗೆ ಮಾತ್ರ. ಆದರೆ ಅದೇ ಬಗೆಯ ಸಲಕರಣೆ ನಮಗೂ ಸಿಗುತ್ತದೆ, ಅದೂ ದುಡ್ಡಿಲ್ಲದೆ. ಬೆಟಗೇರಿಯಲ್ಲಿ ಸೀರೆ ನೇಯುವವರು, ಗದಗಿನ ಮುದ್ರಣಾಲಯದವರು, ಲಕ್ಷ್ಮೇಶ್ವರದ ಟ್ಯೂಷನ್ ಮೇಷ್ಟ್ರು, ಮುಂಡರಗಿಯ ಹಳೆಯ ವಿದ್ಯಾರ್ಥಿಗಳ ಸಂಘ, ಯಾರು ಬೇಕಾದರೂ ಕೂತು ತಮ್ಮ ತಾಣ ಕಟ್ಟಿಕೊಳ್ಳಬಹುದು. ಈ ಸಲಕರಣೆಗೆ ವಿಷುವಲ್ ಎಡಿಟರ್ ಎಂದು ಹೆಸರು. ಪುಟ ಕೊನೆಗೆ ಹೇಗೆ ಕಾಣಬೇಕೋ ಹಾಗೆಯೇ ಪರದೆಯ ಮೇಲೆ ಜೋಡಿಸುವ ತಂತ್ರಾಂಶ ಅದು.

ಪ್ರತಿ ವೆಬ್ ಪುಟದ ಹಿಂದೆ ಎಚ್‌ಟಿಎಂಎಲ್ ಎಂಬ ಗುರುತು ಭಾಷೆ ಇರುತ್ತದೆ. ಇದು ಶೀರ್ಷಿಕೆ, ಇದು ಪ್ಯಾರಾ, ಇದು ಚಿತ್ರ ಎಂದು ಅದು ಹೇಳುತ್ತದೆ. ಬಣ್ಣ, ಅಳತೆ, ಅಂತರ ಹೇಳುವುದು ಸಿಎಸ್‌ಎಸ್ ಎಂಬ ಇನ್ನೊಂದು ಭಾಷೆ. ಗದಗ ಮುದ್ರಣಕ್ಕೆ ಹೆಸರಾದ ಊರು, ಇಲ್ಲಿಯವರಿಗೆ ಹೀಗೆ ಹೇಳಿದರೆ ಬೇಗ ತಿಳಿದೀತು: ಎಚ್‌ಟಿಎಂಎಲ್ ಕೈಯಿಂದ ಬರೆಯುವುದು ಸೀಸದ ಮೊಳೆ ಹೆಕ್ಕಿ ಜೋಡಿಸಿದ ಹಾಗೆ. ವಿಷುವಲ್ ಎಡಿಟರ್ ಹಿಡಿಯುವುದು ಡಿಟಿಪಿ ಅಂಗಡಿಯಲ್ಲಿ ಪೇಜ್‌ಮೇಕರ್ ತೆರೆದು ಪುಟ ಕಟ್ಟಿದ ಹಾಗೆ. ನೀವು ಚಿತ್ರವನ್ನು ಎಳೆದು ಒಂದು ಕಡೆ ಬಿಡುತ್ತೀರಿ, ಹಿಂದಿನ ಸಂಕೇತವನ್ನು ಎಡಿಟರ್ ತಾನೇ ಬರೆದುಕೊಳ್ಳುತ್ತದೆ. ಇದೇನೂ ಇತ್ತೀಚಿನ ವಿಚಾರವಲ್ಲ. ಟಿಮ್ ಬರ್ನರ್ಸ್ ಲೀ 1990ರಲ್ಲಿ ಮಾಡಿದ ಮೊಟ್ಟಮೊದಲ ಬ್ರೌಸರ್‌ನಲ್ಲೇ ಪುಟ ನೋಡುವುದೂ ತಿದ್ದುವುದೂ ಎರಡೂ ಇತ್ತು. ನಡುವೆ ಎಲ್ಲೋ ತಿದ್ದುವ ಭಾಗ ಬಿಟ್ಟುಹೋಯಿತು.

“ವಾಟ್ಸಾಪ್ ಐತಿ, ಫೇಸ್‌ಬುಕ್ ಪೇಜ್ ಐತಿ, ಮತ್ತ ವೆಬ್‌ಸೈಟ್ ಯಾಕ್ರಿ?” ಈ ಪ್ರಶ್ನೆ ಬಂದೇ ಬರುತ್ತದೆ. ಗಿರಾಕಿಗಳೆಲ್ಲ ಓಣಿಯವರೇ ಆಗಿದ್ದರೆ ನಿಜಕ್ಕೂ ಬೇಡ. ಗೂಗಲ್ ಮ್ಯಾಪ್‌ನಲ್ಲಿ ಅಂಗಡಿಯ ಹೆಸರು, ಸಮಯ, ಫೋನ್ ನಂಬರ್ ಸರಿಯಾಗಿ ಇದ್ದರೆ ಸಾಕು. ವೆಬ್‌ಸೈಟ್ ಬೇಕಾಗುವುದು ದೂರದವರು ಹುಡುಕಿಕೊಂಡು ಬರುವ ಕೆಲಸಕ್ಕೆ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯನ್ನೇ ನೋಡಿ. ಚಳಿಗಾಲದಲ್ಲಿ ಅಲ್ಲಿಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರ ಆರಂಭದಲ್ಲಿ ಕೆರೆ ರಾಮ್ಸಾರ್ ಪಟ್ಟಿಗೂ ಸೇರಿತು, ಅಂದರೆ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ. ಹಕ್ಕಿ ನೋಡಲು ಬೆಂಗಳೂರಿನಿಂದಲೋ ಪುಣೆಯಿಂದಲೋ ಹೊರಡುವವರಿಗೆ ಉಳಿಯುವುದೆಲ್ಲಿ, ಬೆಳಿಗ್ಗೆ ಎಷ್ಟು ಗಂಟೆಗೆ ಕೆರೆಯ ಬಳಿ ಇರಬೇಕು, ಊಟ ಸಿಗುತ್ತದೆಯೇ ಎಂಬುದು ಬೇಕು. ಅದು ಫೇಸ್‌ಬುಕ್‌ನ ಹಳೆಯ ಪೋಸ್ಟ್‌ಗಳ ರಾಶಿಯಲ್ಲಿ ಹೂತುಹೋಗುತ್ತದೆ. ಒಂದೇ ಪುಟದ ತಾಣವಾದರೂ ಹುಡುಕಿದಾಗ ಸಿಗುತ್ತದೆ.

ಮುಂದಿನ ಅನುಮಾನ ಇನ್ನೂ ಗಟ್ಟಿಯದು. “ಫುಕಟ ಕೊಡ್ತಾರ ಅಂದ್ರ ಏನರ ಮಸಲತ್ತು ಇರಬೇಕಲ್ರಿ?” ಇದೆ, ಆದರೆ ಮೋಸವಲ್ಲ. ಪುಕ್ಕಟೆ ಯೋಜನೆಯಲ್ಲಿ ಕಂಪನಿಗಳು ಮೂರು ರೀತಿಯಲ್ಲಿ ಲೆಕ್ಕ ಚುಕ್ತಾ ಮಾಡಿಕೊಳ್ಳುತ್ತವೆ. ನಿಮ್ಮ ಪುಟದ ಮೇಲೆ ತಮ್ಮ ಜಾಹೀರಾತು ಹಾಕುತ್ತವೆ. ನಿಮ್ಮ ವಿಳಾಸದ ಕೊನೆಗೆ ತಮ್ಮ ಹೆಸರು ಅಂಟಿಸುತ್ತವೆ, ಮೇಲೆ ಹೇಳಿದ ಎಂಆರ್‌ಸಿ ಬಾಲದಂತೆ. ಇದಕ್ಕೆ ಸಬ್‌ಡೊಮೇನ್, ಅಂದರೆ ಉಪವಿಳಾಸ ಎನ್ನುತ್ತಾರೆ. ಮೂರನೆಯದಾಗಿ ಜಾಗಕ್ಕೆ ಮಿತಿ ಹಾಕಿ, ತುಂಬಿದ ಮೇಲೆ ದುಡ್ಡು ಕೇಳುತ್ತವೆ. ಇವೆಲ್ಲ ಸೇರುವಾಗಲೇ ಗೊತ್ತಿರುತ್ತವೆ. ಗೊತ್ತಾಗದೆ ಉಳಿಯುವ ನಾಲ್ಕನೆಯ ಸಂಗತಿಯೊಂದಿದೆ: ನಾಳೆ ಆ ಕಂಪನಿ ಸೇವೆ ನಿಲ್ಲಿಸಿದರೆ ನಿಮ್ಮ ಪುಟಗಳು ಎಲ್ಲಿಗೆ ಹೋಗುತ್ತವೆ?

ಇದು ಸುಮ್ಮನೆ ಹೆದರಿಸುವ ಮಾತಲ್ಲ. ಗೂಗಲ್‌ನಲ್ಲಿ ಅಂಗಡಿ ನೋಂದಾಯಿಸಿದವರಿಗೆ ನಾಲ್ಕು ಬಟನ್ ಒತ್ತಿದರೆ ಒಂದು ವೆಬ್‌ಸೈಟ್ ಮೂಡುವ ಸೌಲಭ್ಯವಿತ್ತು. ವಿಳಾಸ ಬಿಸಿನೆಸ್ ಡಾಟ್ ಸೈಟ್ ಎಂದು ಮುಗಿಯುತ್ತಿತ್ತು. ಅಷ್ಟು ಸುಲಭದ ಎಡಿಟರ್ ಮತ್ತೊಂದಿರಲಿಲ್ಲ. 2024ರ ಮಾರ್ಚ್‌ನಲ್ಲಿ ಗೂಗಲ್ ಅದನ್ನು ನಿಲ್ಲಿಸಿತು. ಆ ವಿಳಾಸ ಒತ್ತಿದವರನ್ನು ಜೂನ್‌ವರೆಗೆ ಗೂಗಲ್‌ನ ಅಂಗಡಿ ಮಾಹಿತಿಯ ಪುಟಕ್ಕೆ ಕಳಿಸಿ, ಆಮೇಲೆ ಅದನ್ನೂ ಬಿಟ್ಟಿತು. ವಿಸಿಟಿಂಗ್ ಕಾರ್ಡ್, ಕೈಚೀಲ, ಅಂಗಡಿಯ ಫಲಕದ ಮೇಲೆ ಆ ವಿಳಾಸ ಅಚ್ಚು ಹಾಕಿಸಿದವರ ಕಥೆ ಊಹಿಸಿಕೊಳ್ಳಿ. ಹಿಂದೆ 2009ರಲ್ಲಿ ಯಾಹೂ ತನ್ನ ಜಿಯೊಸಿಟೀಸ್ ಮುಚ್ಚಿದಾಗಲೂ ಹೀಗೆಯೇ ಆಗಿತ್ತು.

ಆದ್ದರಿಂದ ಎಡಿಟರ್ ಆರಿಸುವಾಗ ‘ಎಷ್ಟು ಸುಲಭ, ಎಷ್ಟು ಚೆಂದ’ ಎಂಬುದನ್ನು ಕೊನೆಗೆ ಕೇಳಿ. ಮೊದಲು ಎರಡು ಪ್ರಶ್ನೆ ಕೇಳಿ. ನನ್ನ ಸ್ವಂತ ವಿಳಾಸವನ್ನು ಇದಕ್ಕೆ ಪುಕ್ಕಟೆಯಾಗಿ ಜೋಡಿಸಬಹುದೇ? ನನ್ನ ಬರಹ, ಚಿತ್ರಗಳನ್ನು ಬೇಕೆಂದಾಗ ಹೊರಗೆ ತೆಗೆದುಕೊಳ್ಳಬಹುದೇ? ಎರಡಕ್ಕೂ ಹೌದು ಎಂಬ ಉತ್ತರವಿದ್ದರೆ ಎಡಿಟರ್ ಸ್ವಲ್ಪ ಒರಟಾದರೂ ಚಿಂತೆಯಿಲ್ಲ.

ಈಗ ಒಂದೊಂದಾಗಿ ನೋಡೋಣ. ಪೇಟೆಯಲ್ಲಿ ಸಿಗುವ ಎಡಿಟರ್‌ಗಳು ಎರಡು ಬಗೆ. ಬ್ರೌಸರ್‌ನಲ್ಲೇ ತೆರೆದು ಕೆಲಸ ಮಾಡುವುದು ಒಂದು ಬಗೆ. ಕಂಪ್ಯೂಟರಿಗೆ ಇಳಿಸಿಕೊಂಡು, ಇಂಟರ್‌ನೆಟ್ ಇಲ್ಲದೆಯೂ ಪುಟ ಕಟ್ಟಿ, ಆಮೇಲೆ ಏರಿಸುವುದು ಇನ್ನೊಂದು.

ಬ್ರೌಸರ್ ಬಗೆಯಲ್ಲಿ ಎಲ್ಲಕ್ಕಿಂತ ಸರಳವಾದದ್ದು ಗೂಗಲ್ ಸೈಟ್ಸ್. ಜಿಮೇಲ್ ಖಾತೆ ಇದ್ದರೆ ಆಯಿತು, ಬೇರೆ ನೋಂದಣಿ ಬೇಡ. ಸೈಟ್ಸ್ ಡಾಟ್ ಗೂಗಲ್ ಡಾಟ್ ಕಾಮ್ ತೆರೆದು ಪ್ಲಸ್ ಗುರುತು ಒತ್ತಿದರೆ ಖಾಲಿ ಪುಟ ಬರುತ್ತದೆ. ಬಲಗಡೆಯ ಪಟ್ಟಿಯಿಂದ ಬರಹದ ಪೆಟ್ಟಿಗೆ, ಚಿತ್ರ, ಮ್ಯಾಪ್, ಯೂಟ್ಯೂಬ್ ವಿಡಿಯೊಗಳನ್ನು ಎಳೆದು ಹಾಕುತ್ತೀರಿ. ಗಿರಾಕಿ ವಿಚಾರಣೆಗೆ ಗೂಗಲ್ ಫಾರ್ಮ್ ಒಂದನ್ನು ಅದರೊಳಗೆ ಕೂರಿಸಬಹುದು. ಜಾಹೀರಾತಿಲ್ಲ. ಸ್ವಂತ ವಿಳಾಸ ಕೊಂಡರೆ ಅದನ್ನು ಜೋಡಿಸಲು ಗೂಗಲ್ ದುಡ್ಡು ಕೇಳುವುದಿಲ್ಲ. ಇಷ್ಟೊಂದು ಅನುಕೂಲಕ್ಕೆ ಎದುರಾಗಿ ಎರಡು ತೊಡಕು. ಪುಟದ ನೋಟವನ್ನು ಬಹಳ ಬದಲಿಸಲಾಗದು, ಎಲ್ಲರ ತಾಣವೂ ಹೆಚ್ಚುಕಡಿಮೆ ಒಂದೇ ತರಹ ಕಾಣುತ್ತದೆ. ಗೂಗಲ್ ಟೇಕ್‌ಔಟ್ ಎಂಬ ಸೇವೆಯಿಂದ ಪ್ರತಿ ಇಳಿಸಿಕೊಳ್ಳಬಹುದಾದರೂ ಅದನ್ನು ಹಾಗೆಯೇ ಒಯ್ದು ಬೇರೆ ಕಡೆ ಕೂರಿಸುವುದು ಕಷ್ಟ. ಹಾಗಿದ್ದೂ ಐದಾರು ಪುಟದ ತಾಣಕ್ಕೆ ನಾನು ಮೊದಲು ಹೇಳುವುದು ಇದನ್ನೇ. ಐದಾರು ಪುಟವನ್ನು ಮತ್ತೊಮ್ಮೆ ಟೈಪು ಮಾಡುವುದು ದೊಡ್ಡ ಹೊರೆಯಲ್ಲ. ವಿಳಾಸ ನಿಮ್ಮದಾಗಿದ್ದರೆ ಅದನ್ನು ಹೊಸ ಜಾಗದ ಕಡೆ ತಿರುಗಿಸಿದರಾಯಿತು, ಗಿರಾಕಿಗೆ ಗೊತ್ತೂ ಆಗದು.

ಮೇಲಿಂದ ಮೇಲೆ ಬರೆಯುವವರಿಗೆ, ಉದಾಹರಣೆಗೆ ಸಂಘದ ಸುದ್ದಿ, ಊರ ಇತಿಹಾಸ, ಬೆಳೆ ಮಾಹಿತಿ ಹಾಕುವವರಿಗೆ, ಬ್ಲಾಗರ್ ಅಥವಾ ವರ್ಡ್‌ಪ್ರೆಸ್ ಹೊಂದುತ್ತದೆ. ಬ್ಲಾಗರ್ ಕೂಡ ಗೂಗಲ್‌ನದೇ. ಹಳೆಯದು, ಅಲಂಕಾರ ಕಡಿಮೆ. ಆದರೆ ಸ್ವಂತ ವಿಳಾಸ ಪುಕ್ಕಟೆಯಾಗಿ ಜೋಡಿಸಬಹುದು, ಬರಹಗಳನ್ನೆಲ್ಲ ಒಂದೇ ಕಡತವಾಗಿ ಇಳಿಸಿಕೊಳ್ಳಬಹುದು.

ವರ್ಡ್‌ಪ್ರೆಸ್ ವಿಷಯದಲ್ಲಿ ಬಹಳ ಜನ ಗೊಂದಲ ಮಾಡಿಕೊಳ್ಳುತ್ತಾರೆ, ಯಾಕೆಂದರೆ ಆ ಹೆಸರಿನಲ್ಲಿ ಎರಡು ಇವೆ. ವರ್ಡ್‌ಪ್ರೆಸ್ ಡಾಟ್ ಕಾಮ್ ಒಂದು ಕಂಪನಿಯ ಸೇವೆ. ಪುಕ್ಕಟೆ ಯೋಜನೆಯಲ್ಲಿ 1 ಜಿಬಿ ಜಾಗ ಕೊಡುತ್ತದೆ, ಜಾಹೀರಾತು ಹಾಕುತ್ತದೆ, ಸ್ವಂತ ವಿಳಾಸ ಬೇಕೆಂದರೆ ದುಡ್ಡು ಕಟ್ಟಿಸಿಕೊಳ್ಳುತ್ತದೆ. ವರ್ಡ್‌ಪ್ರೆಸ್ ಡಾಟ್ ಆರ್ಗ್‌ನಲ್ಲಿ ಸಿಗುವುದು ಮುಕ್ತ ತಂತ್ರಾಂಶ. ಅದು ಪೂರ್ತಿ ಪುಕ್ಕಟೆ, ಆದರೆ ಅದನ್ನು ಇಡಲು ಜಾಗ ಬಾಡಿಗೆಗೆ ಹಿಡಿಯಬೇಕು. ಹೀಗೆ ಬಾಡಿಗೆಗೆ ಹಿಡಿಯುವುದಕ್ಕೆ ಹೋಸ್ಟಿಂಗ್ ಎನ್ನುತ್ತಾರೆ. 2018ರ ಡಿಸೆಂಬರ್‌ನಲ್ಲಿ ಬಂದ 5.0 ಆವೃತ್ತಿಯಿಂದ ಇದರಲ್ಲಿ ಬ್ಲಾಕ್ ಎಡಿಟರ್ ಇದೆ. ಪ್ರತಿ ಪ್ಯಾರಾ, ಪ್ರತಿ ಚಿತ್ರ ಒಂದೊಂದು ಇಟ್ಟಿಗೆ. ಮೇಲೆ ಕೆಳಗೆ ಸರಿಸಿ ಪುಟ ಕಟ್ಟುತ್ತೀರಿ. ಎರಡರಲ್ಲೂ ಬರಹಗಳನ್ನು ಹೊರತೆಗೆಯುವ ‘ಎಕ್ಸ್‌ಪೋರ್ಟ್’ ಇದೆ. ಪುಕ್ಕಟೆ ಯೋಜನೆಯಿಂದ ಶುರುಮಾಡಿ, ಬೆಳೆದ ಮೇಲೆ ಸ್ವಂತ ಹೋಸ್ಟಿಂಗ್‌ಗೆ ಹೋಗುವ ದಾರಿ ತೆರೆದಿರುತ್ತದೆ. ಫೋನಿನ ಆ್ಯಪ್‌ನಿಂದಲೂ ಬರೆಯಬಹುದು. ಕಂಪ್ಯೂಟರ್ ಇಲ್ಲದವರಿಗೆ ಇದು ದೊಡ್ಡ ಅನುಕೂಲ.

ವಿಕ್ಸ್ ನೋಡಲು ಎಲ್ಲಕ್ಕಿಂತ ಸೊಗಸು. ಚಿತ್ರವನ್ನು ಎಲ್ಲಿ ಬೇಕಾದರೂ ಇಡಬಹುದು, ಸಿದ್ಧ ವಿನ್ಯಾಸಗಳು ರಾಶಿ ಇವೆ. ಮೊದಲ ಸಲ ನೋಡಿದವರು ಅದಕ್ಕೇ ಮನಸೋಲುತ್ತಾರೆ. ಆದರೆ ನಮ್ಮ ಎರಡು ಪ್ರಶ್ನೆಗಳಲ್ಲಿ ಎರಡರಲ್ಲೂ ಅದು ಪಾಸಾಗುವುದಿಲ್ಲ. ಪುಕ್ಕಟೆ ಯೋಜನೆಯಲ್ಲಿ ಸ್ವಂತ ವಿಳಾಸ ಜೋಡಿಸಲಾಗದು, ವಿಕ್ಸ್ ಜಾಹೀರಾತಿನ ಪಟ್ಟಿ ಇರುತ್ತದೆ, ಜಾಗ 500 ಎಂಬಿ. ಕಟ್ಟಿದ ತಾಣವನ್ನು ಹಾಗೆಯೇ ಎತ್ತಿ ಬೇರೆ ಕಡೆ ಒಯ್ಯಲು ಬರುವುದಿಲ್ಲ. ಮದುವೆ ಆಮಂತ್ರಣ, ಒಂದು ಜಾತ್ರೆ, ಒಂದು ಪಂದ್ಯಾವಳಿ, ಹೀಗೆ ತಿಂಗಳೊಪ್ಪತ್ತಿನಲ್ಲಿ ಮುಗಿಯುವ ಕೆಲಸಕ್ಕೆ ಬಳಸಿ. ಕ್ಯಾನ್ವಾದ ಒಂದು ಪುಟದ ತಾಣವೂ ಇಂಥದ್ದಕ್ಕೇ ಸರಿ.

ಇಳಿಸಿಕೊಳ್ಳುವ ಬಗೆಗೆ ಬರೋಣ. ಹಳೆಯ ಕಂಪ್ಯೂಟರ್ ಕೋರ್ಸಿನ ಪುಸ್ತಕಗಳಲ್ಲಿ ಮೈಕ್ರೋಸಾಫ್ಟ್ ಫ್ರಂಟ್‌ಪೇಜ್ ಹೆಸರು ಸಿಗುತ್ತದೆ. ಅದರ ಕೊನೆಯ ಆವೃತ್ತಿ 2003ರದು. ಪುಕ್ಕಟೆ ಎಡಿಟರ್‌ಗಳ ಪಟ್ಟಿ ಹುಡುಕಿದರೆ ಕಾಂಪೋಜರ್ ಎಂಬುದೂ ಇವತ್ತಿಗೂ ಮೇಲೇಳುತ್ತದೆ, ಅದರ ಕೆಲಸ 2010ರ ಹೊತ್ತಿಗೇ ನಿಂತಿದೆ. ಅವು ಕಟ್ಟುವ ಪುಟ ಫೋನಿನ ಪರದೆಗೆ ಹೊಂದುವುದಿಲ್ಲ. ನೋಡುವವರಲ್ಲಿ ಹೆಚ್ಚಿನವರು ಫೋನಿನಲ್ಲೇ ನೋಡುವಾಗ ಅವನ್ನು ಮುಟ್ಟದಿರುವುದೇ ಲೇಸು. ಎಂಎಸ್ ವರ್ಡ್‌ನಲ್ಲಿ ಬರೆದು ವೆಬ್ ಪುಟವಾಗಿ ಉಳಿಸುವ ದಾರಿಯೂ ಬೇಡ, ಅದು ತುಂಬಿಸುವ ಅನಗತ್ಯ ಸಂಕೇತ ಮುಂದೆ ತಿದ್ದುವವರ ಜೀವ ತಿನ್ನುತ್ತದೆ.

ಈ ಬಗೆಯಲ್ಲಿ ನನಗೆ ಹಿಡಿಸಿದ್ದು ಪಬ್ಲಿ ಎಂಬ ಮುಕ್ತ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಬರಹ, ಚಿತ್ರ ಎಲ್ಲ ನಿಮ್ಮ ಕಂಪ್ಯೂಟರಿನಲ್ಲೇ ಇರುತ್ತವೆ. ಕರೆಂಟ್ ಇದ್ದು ನೆಟ್ ಇಲ್ಲದ ಹೊತ್ತಿನಲ್ಲೂ ಕೆಲಸ ಸಾಗುತ್ತದೆ. ಮುಗಿದ ಮೇಲೆ ಒಂದು ಬಟನ್ ಒತ್ತಿದರೆ ಪುಟಗಳು ಗಿಟ್‌ಹಬ್ ಪೇಜಸ್ ಅಥವಾ ನೆಟ್ಲಿಫೈಗೆ ಏರುತ್ತವೆ. ಎರಡೂ ಪುಕ್ಕಟೆಯಾಗಿ ಜಾಗ ಕೊಡುತ್ತವೆ, ಎರಡಕ್ಕೂ ಸ್ವಂತ ವಿಳಾಸ ಜೋಡಿಸಬಹುದು. ಹೀಗೆ ಬರುವ ಪುಟಗಳು ಹಗುರ, ಸಿಗ್ನಲ್ ಕಡಿಮೆಯಿದ್ದಲ್ಲೂ ಬೇಗ ತೆರೆಯುತ್ತವೆ. ಮೊದಲ ಸಲ ಜೋಡಿಸುವಾಗ ಮಾತ್ರ ಬಲ್ಲವರೊಬ್ಬರು ಪಕ್ಕದಲ್ಲಿದ್ದರೆ ಒಳ್ಳೆಯದು. ಕಂಪ್ಯೂಟರ್ ಕೆಟ್ಟರೆ ಎಲ್ಲವೂ ಹೋಗುತ್ತದೆ, ಆದ್ದರಿಂದ ಪೆನ್‌ಡ್ರೈವ್‌ನಲ್ಲಿ ಒಂದು ಪ್ರತಿ ಇಡಿ.

ಎಡಿಟರ್ ಯಾವುದೇ ಇರಲಿ, ಕನ್ನಡದಲ್ಲಿ ತಾಣ ಮಾಡುವವರು ಎಡವುವುದು ಅಕ್ಷರದಲ್ಲಿ. ಡಿಟಿಪಿ ಅಂಗಡಿಯಲ್ಲಿ ಕರಪತ್ರ ಮಾಡಿಸಿದ್ದೀರಿ, ಅದರ ಫೈಲ್ ತಂದು ಬರಹವನ್ನು ನಕಲಿಸಿ ಪುಟಕ್ಕೆ ಅಂಟಿಸಿದ್ದೀರಿ ಎನ್ನಿ. ‘ಕನ್ನಡ’ ಎಂದು ಬರೆದದ್ದು ಇಂಗ್ಲಿಷಿನ ಪಿ, ಪೌಂಡ್ ಗುರುತು, ತಲೆಯ ಮೇಲೆ ಗೀರು ಹೊತ್ತ ಎ, ಹೀಗೆ ಗೋಜಲಾಗಿ ಬೀಳುತ್ತದೆ. ಫೈಲ್ ಕೆಟ್ಟಿಲ್ಲ. ನುಡಿ, ಬರಹ, ಶ್ರೀಲಿಪಿಯ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಖ್ಯೆಯ ಮೇಲೆ ಕನ್ನಡದ ಆಕಾರ ಕೂರಿಸಿದ್ದವು. ಆ ಫಾಂಟ್ ಇಲ್ಲದ ಕಡೆ ಹೊದಿಕೆ ಜಾರಿ ಒಳಗಿನ ಇಂಗ್ಲಿಷ್ ಕಾಣುತ್ತದೆ. ವೆಬ್‌ಗೆ ಬೇಕಾಗಿರುವುದು ಯುನಿಕೋಡ್. ಅದರಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಖ್ಯೆ ಇದೆ, ಫೋನು, ಕಂಪ್ಯೂಟರು ಎಲ್ಲಿ ತೆರೆದರೂ ಕನ್ನಡವೇ ಕಾಣುತ್ತದೆ, ಗೂಗಲ್‌ನಲ್ಲಿ ಹುಡುಕಿದರೂ ಸಿಗುತ್ತದೆ.

ಪರಿಹಾರ ಕಷ್ಟದ್ದಲ್ಲ. ಬರಹ ತಂತ್ರಾಂಶದಲ್ಲೇ ಯುನಿಕೋಡಿಗೆ ಬದಲಿಸುವ ಸೌಲಭ್ಯವಿದೆ. ಆಸ್ಕಿಯಿಂದ ಯುನಿಕೋಡ್ ಎಂದು ಹುಡುಕಿದರೆ ಪುಕ್ಕಟೆ ಪರಿವರ್ತಕಗಳೂ ಸಿಗುತ್ತವೆ. ಡಿಟಿಪಿಯವರಿಗೇ “ಯುನಿಕೋಡ್‌ನ್ಯಾಗ ಕೊಡ್ರಿ” ಎಂದರೂ ಆದೀತು. ಬದಲಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ, ಅಂಕಿಗಳ ಕಡೆ ಒಮ್ಮೆ ಕಣ್ಣಾಡಿಸಿ, ತಪ್ಪು ನುಸುಳುವುದು ಅಲ್ಲಿಯೇ. ಫೋನಿನ ಕೀಲಿಮಣೆಯಲ್ಲಿ ಟೈಪು ಮಾಡಿದ್ದೆಲ್ಲ ಹುಟ್ಟುವಾಗಲೇ ಯುನಿಕೋಡ್, ಅದಕ್ಕೆ ಈ ಕಾಟವಿಲ್ಲ.

ಕೆಲವರು ಈ ರಗಳೆಯೇ ಬೇಡವೆಂದು ಕರಪತ್ರದ ಚಿತ್ರವನ್ನೇ ಪುಟಕ್ಕೆ ಹಾಕಿಬಿಡುತ್ತಾರೆ. ಹಾಗೆ ಮಾಡಬೇಡಿ. ಚಿತ್ರದೊಳಗಿನ ಅಕ್ಷರ ಫೋನಿನಲ್ಲಿ ಇರುವೆಯಷ್ಟಾಗುತ್ತದೆ, ದೃಷ್ಟಿ ಇಲ್ಲದವರಿಗೆ ಪುಟ ಓದಿ ಹೇಳುವ ತಂತ್ರಾಂಶಕ್ಕೂ ಅದು ತಿಳಿಯುವುದಿಲ್ಲ.

ಅಕ್ಷರದ ಚೆಂದಕ್ಕೆ ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ ಕನ್ನಡ ಫಾಂಟುಗಳಿವೆ. ನೋಟೊ ಸ್ಯಾನ್ಸ್ ಕನ್ನಡ ಎಲ್ಲ ಕೆಲಸಕ್ಕೂ ಆಗುತ್ತದೆ. ಶೀರ್ಷಿಕೆಗೆ ದಪ್ಪನೆಯ ಬಾಲೂ ತಮ್ಮ ಒಪ್ಪುತ್ತದೆ. ನಮ್ಮ ಪಕ್ಕದೂರಿನ ಹೆಸರು ಹೊತ್ತ ‘ಹುಬ್ಬಳ್ಳಿ’ ಎಂಬ ಫಾಂಟೂ ಅಲ್ಲಿದೆ. ಎಡಿಟರ್‌ನಲ್ಲಿ ಸಾಲಿನ ನಡುವಣ ಅಂತರವನ್ನು ಸ್ವಲ್ಪ ಹೆಚ್ಚಿಸಿ, ಇಂಗ್ಲಿಷಿಗೆ ಇಟ್ಟ ಅಳತೆಯಲ್ಲಿ ನಮ್ಮ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ. ಪುಟದ ವಿಳಾಸವನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಕೊಡಿ. ಕನ್ನಡದಲ್ಲಿ ಕೊಟ್ಟರೆ ವಾಟ್ಸಾಪ್‌ನಲ್ಲಿ ಕಳಿಸಿದಾಗ ಅದು ಶೇಕಡಾ ಗುರುತುಗಳ ಉದ್ದ ಸರಪಳಿಯಾಗಿಬಿಡಬಹುದು.

ಖರ್ಚಿನ ಮಾತು. ಎಡಿಟರ್‌ಗೆ ಸೊನ್ನೆ. ಸ್ವಂತ ವಿಳಾಸಕ್ಕೆ, ಅಂದರೆ ಡೊಮೇನ್‌ಗೆ, ವರ್ಷ ವರ್ಷ ಬಾಡಿಗೆ ಕಟ್ಟಬೇಕು. ಡಾಟ್ ಇನ್ ವಿಳಾಸಗಳ ಉಸ್ತುವಾರಿ ನಿಕ್ಸಿ ಎಂಬ ಸಂಸ್ಥೆಯದು. ನೀವು ಕೊಳ್ಳುವುದು ಅದರ ಮಾನ್ಯತೆ ಪಡೆದ ರಿಜಿಸ್ಟ್ರಾರ್‌ಗಳಿಂದ, ಆನ್‌ಲೈನ್‌ನಲ್ಲಿ. ವರ್ಷಕ್ಕೆ ಸಾವಿರ ರೂಪಾಯಿಯ ಆಚೀಚೆ ಎಂದು ಇಟ್ಟುಕೊಳ್ಳಿ. ಮೊದಲ ವರ್ಷ ಅಗ್ಗಕ್ಕೆ ಕೊಟ್ಟು ಎರಡನೆಯ ವರ್ಷದಿಂದ ಪೂರ್ತಿ ದರ ಹಾಕುವುದು ಈ ವ್ಯಾಪಾರದ ರೂಢಿ, ಆದ್ದರಿಂದ ಕೊಳ್ಳುವಾಗಲೇ ನವೀಕರಣದ ದರ ನೋಡಿ. ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಎಂಬ ವಿಳಾಸವೂ ಇದೆ. ಸೊಗಸಾಗಿದೆ, ಆದರೆ ಎಲ್ಲ ಕಡೆ ಟೈಪು ಮಾಡಲು ಸಲೀಸಲ್ಲ. ಮೊದಲನೆಯದಾಗಿ ಅದನ್ನಲ್ಲ, ಎರಡನೆಯದಾಗಿ ಕೊಳ್ಳಿ. ವರ್ಡ್‌ಪ್ರೆಸ್ ತಂತ್ರಾಂಶಕ್ಕೆ ಹೋಸ್ಟಿಂಗ್ ಹಿಡಿಯುವವರು ವರ್ಷಕ್ಕೆ ಇನ್ನೂ ಎರಡು ಮೂರು ಸಾವಿರ ಎತ್ತಿಡಬೇಕಾದೀತು. ನಿಮ್ಮ ಅಂಗಡಿಯ ಹೆಸರಿನಲ್ಲಿ ಇಮೇಲ್ ಬೇಕೆಂದರೆ ಅದರ ಲೆಕ್ಕ ಬೇರೆ. ಜಿಮೇಲ್‌ನಲ್ಲೇ ಇರುವುದು ಸದ್ಯಕ್ಕೆ ವಾಸಿ.

“ಫೋಟೊ ಹಾಕಿದ್ರ ಪುಟ ತೆರೆಯೂದಿಲ್ರಿ” ಎನ್ನುವವರಿಗೆ ಒಂದು ಮಾತು. ಈಗಿನ ಫೋನಿನ ಒಂದು ಚಿತ್ರ ನಾಲ್ಕೈದು ಎಂಬಿ ತೂಗುತ್ತದೆ. ಸೀರೆಯ ಹತ್ತು ಚಿತ್ರ ಹಾಕಿದರೆ ನೋಡುವವರ ಡೇಟಾ ಕರಗುತ್ತದೆ. ಸ್ಕ್ವೂಶ್ ಎಂಬ ಪುಕ್ಕಟೆ ತಾಣದಲ್ಲಿ ಚಿತ್ರವನ್ನು ಇನ್ನೂರು ಕೆಬಿಯ ಆಸುಪಾಸಿಗೆ ಇಳಿಸಿ, ಆಮೇಲೆ ಏರಿಸಿ. ಫೋನ್ ಪರದೆಯಲ್ಲಿ ವ್ಯತ್ಯಾಸ ಕಾಣುವುದಿಲ್ಲ.

ಕಂಪ್ಯೂಟರ್ ಎಲ್ಲಿಂದ ತರುವುದು? ಗೂಗಲ್ ಸೈಟ್ಸ್, ಪಬ್ಲಿ ಎರಡಕ್ಕೂ ಅದು ಬೇಕು. ಈಗ ಗ್ರಾಮ ಪಂಚಾಯತಿ ಗ್ರಂಥಾಲಯಗಳನ್ನು ಅರಿವು ಕೇಂದ್ರಗಳೆಂದು ಕರೆಯುತ್ತಾರೆ, ಅವುಗಳಲ್ಲಿ ಹಲವು ಕಡೆ ಕಂಪ್ಯೂಟರ್ ಮತ್ತು ಇಂಟರ್‌ನೆಟ್ ಇದೆ. ಗೂಗಲ್ ಸೈಟ್ಸ್‌ಗೆ ಅಷ್ಟು ಸಾಕು. ಪಬ್ಲಿಗೆ ಮಾತ್ರ ನಿಮ್ಮದೇ ಕಂಪ್ಯೂಟರ್ ಇರಬೇಕು, ಕಡತಗಳು ಅದರಲ್ಲೇ ಉಳಿಯುತ್ತವಲ್ಲ. ಕೇಂದ್ರದಲ್ಲಾಗಲಿ ಸೈಬರ್ ಅಂಗಡಿಯಲ್ಲಾಗಲಿ ಕೂತರೆ ಏಳುವ ಮುನ್ನ ಖಾತೆಯಿಂದ ಲಾಗ್‌ಔಟ್ ಆಗಿ, ಪಾಸ್‌ವರ್ಡ್ ಉಳಿಸಲೇ ಎಂದು ಬ್ರೌಸರ್ ಕೇಳಿದರೆ ಬೇಡ ಎನ್ನಿ.

ಕೈಹಿಡಿದು ತೋರಿಸುವವರು ಬೇಕೆಂದರೆ ಗದಗಿನ ತೋಂಟದಾರ್ಯ ಎಂಜಿನಿಯರಿಂಗ್ ಕಾಲೇಜು, ಲಕ್ಷ್ಮೇಶ್ವರದ ಅಗಡಿ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದುವ ನಿಮ್ಮ ಓಣಿಯ ಹುಡುಗ ಹುಡುಗಿಯರನ್ನು ಕೇಳಿ. ಗಿಟ್‌ಹಬ್‌ಗೆ ವಿಳಾಸ ಜೋಡಿಸುವುದು ಅವರಿಗೆ ಒಂದು ಸಂಜೆಯ ಕೆಲಸ. ದುಡ್ಡು ತೆಗೆದುಕೊಂಡು ಮಾಡಿಕೊಡುವವರೂ ಇದ್ದಾರೆ, ತಪ್ಪೇನಿಲ್ಲ. ಆದರೆ ಯಾರೇ ಮಾಡಲಿ, ಡೊಮೇನ್ ನೋಂದಣಿ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲ್‌ನಲ್ಲಿ, ನಿಮ್ಮ ಫೋನ್ ನಂಬರಿನಲ್ಲಿ ಆಗಬೇಕು. ಮಾಡಿಕೊಟ್ಟವರ ಹೆಸರಿನಲ್ಲಿದ್ದರೆ ಅವರು ಊರು ಬಿಟ್ಟ ದಿನ ವಿಳಾಸವೂ ಅವರ ಜತೆ ಹೋಗುತ್ತದೆ. ಸಂಘದ ತಾಣವಾದರೆ ಕಾರ್ಯದರ್ಶಿಯ ಸ್ವಂತ ಜಿಮೇಲ್ ಬೇಡ, ಸಂಘದ ಹೆಸರಿನಲ್ಲೇ ಒಂದು ಖಾತೆ ತೆರೆದು ಪಾಸ್‌ವರ್ಡನ್ನು ಇಬ್ಬರ ಬಳಿ ಇಡಿ. ನವೀಕರಣದ ತಾರೀಖು ಲೆಕ್ಕದ ವಹಿಯಲ್ಲಿ ಬರೆದಿರಲಿ. ವಿಳಾಸವನ್ನು ಫಲಕಕ್ಕೆ ಬರೆಸುವುದಕ್ಕೂ ಮೊದಲು ಒಂದು ಸಾದಾ ಆಂಡ್ರಾಯ್ಡ್ ಫೋನಿನಲ್ಲಿ, ವೈಫೈ ಆರಿಸಿ, ಯಾವ ಖಾತೆಗೂ ಲಾಗಿನ್ ಆಗದೆ ಪುಟ ತೆರೆದು ನೋಡಿ. ಗೂಗಲ್ ಸೈಟ್ಸ್‌ನಲ್ಲಿ ಪಬ್ಲಿಷ್ ಮಾಡುವಾಗ ‘ಎಲ್ಲರಿಗೂ ಕಾಣಲಿ’ ಎಂಬ ಆಯ್ಕೆ ಬಿಟ್ಟುಹೋಗಿದ್ದರೆ ನಿಮಗೆ ಮಾತ್ರ ಕಾಣುತ್ತಿರುತ್ತದೆ, ಅದು ಹೀಗೆ ನೋಡಿದಾಗಲೇ ಗೊತ್ತಾಗುವುದು.